ಎಕ್ಸೆಲ್‌ನಲ್ಲಿ ನಾನು ಕಟ್ಟಿದ ದ್ವೀಪ

ಜಾಗದ ಬೆಲೆ: ಸೊನ್ನೆ. ನನ್ನ ಶೀಟಿನ ಒಂಬತ್ತನೇ ಸಾಲಿನಲ್ಲಿ ಹಾಗಂತ ಬರೆದು, ಆ ಸೆಲ್‌ಗೆ ಹಸಿರು ಬಣ್ಣ ಬೇರೆ ತುಂಬಿದ್ದೆ.

ನಾನು ಕೆಲಸ ಮಾಡುವುದು ಕೋರಮಂಗಲದ ಒಂದು ಸಣ್ಣ ಕನ್ಸಲ್ಟೆನ್ಸಿಯಲ್ಲಿ. ಬಿಲ್ಡರ್‌ಗಳು ಪ್ರಾಜೆಕ್ಟ್ ಹಿಡಿದುಕೊಂಡು ಬರುತ್ತಾರೆ, ಅದು ಗಿಟ್ಟುತ್ತಾ ಇಲ್ವಾ ಅಂತ ನಾವು ಲೆಕ್ಕ ಹಾಕಿ ಕೊಡುತ್ತೇವೆ. ಬರುವುದೆಲ್ಲ ಹೆಚ್ಚಾಗಿ ಸರ್ಜಾಪುರ ರಸ್ತೆ, ದೇವನಹಳ್ಳಿ, ಕನಕಪುರ ರಸ್ತೆಯ ವಿಲ್ಲಾ, ಅಪಾರ್ಟ್‌ಮೆಂಟ್‌ಗಳೇ. ಹೋದ ವರ್ಷ ಒಬ್ಬರು ಬಂದರು. ಇಲ್ಲೇ ನಾಲ್ಕೈದು ಲೇಔಟ್ ಮಾಡಿ ಗೆದ್ದವರು. ಗಲ್ಫ್ ಕಡೆ ಸಮುದ್ರಕ್ಕೆ ಮರಳು ತುಂಬಿ ಒಂದು ದ್ವೀಪ ಮಾಡುತ್ತಾರಂತೆ. ಅದರ ಮೇಲೆ ಐಷಾರಾಮಿ ವಿಲ್ಲಾ, ಒಂದು ಹೋಟೆಲ್, ದೋಣಿ ಕಟ್ಟಲು ಮರೀನಾ. ಪಾಲುದಾರರಾಗಿ ಬನ್ನಿ ಅಂತ ಅಲ್ಲಿಯವರು ಕರೆದಿದ್ದರು. ಬ್ರೋಷರ್ ಮೇಜಿನ ಮೇಲಿಟ್ಟು, "ನೋಡಮ್ಮ, ಇಲ್ಲಿ ದುಡ್ಡೆಲ್ಲ ಜಾಗಕ್ಕೇ ಹೋಗುತ್ತೆ. ಅಲ್ಲಿ ಸಮುದ್ರಕ್ಕೆ ಯಾರೂ ದುಡ್ಡು ಕೇಳಲ್ಲ" ಅಂದರು.

ನನಗೂ ಹೌದಲ್ವಾ ಅನಿಸಿತು. ಪಹಣಿ ನೋಡಬೇಕಿಲ್ಲ, ಖಾತಾ ಎ ನಾ ಬಿ ನಾ ಅಂತ ಕೇಳಬೇಕಿಲ್ಲ, ಅಣ್ಣತಮ್ಮಂದಿರ ಪಾಲಿನ ಕೇಸಿಲ್ಲ, ರಾಜಕಾಲುವೆ ತಕರಾರಿಲ್ಲ. ಬೆಂಗಳೂರಿನ ಜಾಗದ ಫೈಲುಗಳನ್ನು ಓದಿ ಓದಿ ಸಾಕಾದವಳಿಗೆ ಇದು ರಜೆ ಸಿಕ್ಕ ಹಾಗಿತ್ತು.

ಆಮೇಲೆ ಮಾಡಿದ್ದೇ ತಪ್ಪು. ಸರ್ಜಾಪುರ ರಸ್ತೆಯ ಒಂದು ವಿಲ್ಲಾ ಪ್ರಾಜೆಕ್ಟಿನ ಶೀಟ್ ಕಾಪಿ ಮಾಡಿದೆ. ಹೆಸರು ಬದಲಿಸಿದೆ. ಜಾಗದ ಬೆಲೆ ಅಳಿಸಿ, ಮರಳು ತುಂಬುವ ಖರ್ಚು ಅಂತ ಒಂದು ಸಾಲು ಸೇರಿಸಿದೆ. ದ್ವೀಪದ ವಿಸ್ತೀರ್ಣ ಗುಣಿಸು ಎತ್ತರ, ಅಷ್ಟೇ. ಐಆರ್‌ಆರ್, ಅಂದರೆ ಹಾಕಿದ ದುಡ್ಡಿಗೆ ವರ್ಷಕ್ಕೆ ಸಿಗುವ ಲಾಭದ ದರ, 26 ಪರ್ಸೆಂಟ್ ಬಂತು. ಸರ್ಜಾಪುರದಲ್ಲಿ ಅದರ ಮುಕ್ಕಾಲು ಬಂದರೂ ಬಿಲ್ಡರ್ ಆಫೀಸಿಗೆಲ್ಲ ಸ್ವೀಟ್ ಹಂಚುತ್ತಾನೆ.

ನಮ್ಮಲ್ಲಿ ಒಬ್ಬ ಸರ್ ಇದ್ದಾರೆ. ಮಂಗಳೂರಿನವರು, ಬಂದರುಗಳಲ್ಲಿ ಮೂವತ್ತು ವರ್ಷ ಹೂಳೆತ್ತಿಸಿ ರಿಟೈರ್ ಆದವರು. ವಾರಕ್ಕೆರಡು ದಿನ ಬರುತ್ತಾರೆ, ಹೆಚ್ಚಾಗಿ ಪೇಪರ್ ಓದುತ್ತಾರೆ. ಕ್ಲೈಂಟ್ ಮೀಟಿಂಗಿಗೆ ಒಂದು ದಿನ ಮುಂಚೆ ಸುಮ್ನೆ ನೋಡಲಿ ಅಂತ ಶೀಟ್ ಅವರ ಮುಂದಿಟ್ಟೆ. ಎರಡು ನಿಮಿಷ ನೋಡಿ, "ಎಂತ ಮಾರಾಯ್ತಿ, ನಿನ್ನ ದ್ವೀಪದ ಬದಿ ಗೋಡೆ ಹಾಗೆ ನೇರ ಉಂಟಲ್ಲ. ಮರಳು ಹಾಗೆ ನಿಲ್ತದಾ?" ಅಂದರು.

ಅರ್ಥ ಆಗಲಿಲ್ಲ. ಕೆಳಗೆ ಕರೆದುಕೊಂಡು ಹೋದರು. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದರು. ಬಳಸಿ ಉಳಿದ ಎಂ ಸ್ಯಾಂಡ್ ಗುಡ್ಡೆ ಅರ್ಧ ಫುಟ್‌ಪಾತ್ ನುಂಗಿಕೊಂಡು ಬಿದ್ದಿತ್ತು, ಮೇಲೆ ಒಂದು ನಾಯಿ ಮಲಗಿತ್ತು. ಎತ್ತರ ಸುಮಾರು ಒಂದು ಮೀಟರ್, ನನ್ನ ಸೊಂಟದಷ್ಟು. ಸರ್ ನನ್ನ ಕೈಗೆ ಟೇಪ್ ಕೊಟ್ಟು ಬುಡ ಅಳೆಸಿದರು. ತುದಿಯ ನೇರಕ್ಕೆ ಕೆಳಗಿನಿಂದ ಅಂಚಿನವರೆಗೆ ಒಂದೂವರೆ ಮೀಟರ್ ಹತ್ತಿರ. "ಒಣ ಮರಳು ಇಷ್ಟು ಹರಡ್ತದೆ. ನೀರೊಳಗೆ, ಅಲೆ ಹೊಡೀತಾ ಇದ್ದರೆ? ಒಂದಕ್ಕೆ ಐದು ಇಟ್ಟುಕೋ" ಅಂದರು. ನಾಯಿ ಎದ್ದು ಹೋಯಿತು.

ಮೇಲೆ ಬಂದು ಲೆಕ್ಕ ಮತ್ತೆ ಹಾಕಿದೆ. 600 ಮೀಟರ್ ಉದ್ದ, 600 ಮೀಟರ್ ಅಗಲದ ದ್ವೀಪ ಅಂದುಕೊಳ್ಳಿ, ಸುಮಾರು 89 ಎಕರೆ. ನೀರಿನ ಆಳ 10 ಮೀಟರ್, ನೀರಿನ ಮೇಲೆ 3 ಮೀಟರ್. ನನ್ನ ಹಳೇ ಲೆಕ್ಕದಲ್ಲಿ 46.8 ಲಕ್ಷ ಘನ ಮೀಟರ್ ಮರಳು ಸಾಕು. ಇಳಿಜಾರು ಸೇರಿಸಿದರೆ ಸುಮಾರು 57.7 ಲಕ್ಷ. ಸರಿ, ಕಾಲು ಭಾಗದಷ್ಟು ಏರಿತು, ತಡೆದುಕೊಳ್ಳಬಹುದು. ಆದರೆ ಬ್ರೋಷರ್‌ನಲ್ಲಿದ್ದದ್ದು ಚೌಕ ಅಲ್ಲ, ಕೈಬೆರಳು ಹರಡಿದ ಹಾಗಿನ ಆಕಾರ. ಬೆರಳು ಬೆರಳಾಗಿದ್ದರೆ ಎಲ್ಲ ವಿಲ್ಲಾಗೂ ನೀರು ಸಿಗುತ್ತೆ, ರೇಟ್ ಜಾಸ್ತಿ ಸಿಗುತ್ತೆ. 100 ಮೀಟರ್ ಅಗಲದ ಒಂದು ಬೆರಳಿನ ಬುಡ ಎಷ್ಟು ಗೊತ್ತಾ? 230 ಮೀಟರ್. ಮರಳು ನನ್ನ ಲೆಕ್ಕಕ್ಕಿಂತ 65 ಪರ್ಸೆಂಟ್ ಜಾಸ್ತಿ. ಮಾರಲು ಸಿಗುವುದು ಮೇಲಿನ 100 ಮೀಟರ್ ಮಾತ್ರ, ಉಳಿದದ್ದೆಲ್ಲ ಮೀನಿಗೆ. ಬೆಲೆ ಏರಿಸುವ ಆಕಾರವೇ ಖರ್ಚನ್ನೂ ಏರಿಸುತ್ತೆ ಅನ್ನುವುದು ಆ ಬ್ರೋಷರ್‌ನ ಯಾವ ಪುಟದಲ್ಲೂ ಇರಲಿಲ್ಲ.

ಅಲೆ ಕಮ್ಮಿ ಮಾಡಿದರೆ ಇಳಿಜಾರೂ ಕಮ್ಮಿ ಸಾಕಾಗುತ್ತೆ, ನಿಜ. ಅದಕ್ಕೆ ಸುತ್ತ ಬಂಡೆಯ ತಡೆಗೋಡೆ ಬೇಕು. ದುಬೈನ ಪಾಮ್ ಜುಮೇರಾ ಅನ್ನುವ ಕೃತಕ ದ್ವೀಪದಲ್ಲಿ ಮಾಡಿದ್ದು ಅದನ್ನೇ. 2001ರಲ್ಲಿ ಕೆಲಸ ಶುರು. 9.4 ಕೋಟಿ ಘನ ಮೀಟರ್ ಮರಳು, 70 ಲಕ್ಷ ಟನ್ ಬಂಡೆ, 11 ಕಿಲೋಮೀಟರ್ ಉದ್ದದ ಅರ್ಧಚಂದ್ರಾಕಾರದ ತಡೆಗೋಡೆ. ಪಕ್ಕದಲ್ಲೇ ಮರುಭೂಮಿ ಇದ್ದರೂ ಅಲ್ಲಿಯ ಮರಳು ಉಪಯೋಗಕ್ಕೆ ಬರಲಿಲ್ಲ. ಗಾಳಿಗೆ ಸವೆದು ನುಣುಪಾದ ಮರಳು ಒಂದಕ್ಕೊಂದು ಹಿಡಿದುಕೊಳ್ಳಲ್ಲ. ಹಾಗಾಗಿ ಸಮುದ್ರದ ತಳದಿಂದಲೇ ಎತ್ತಿ ತುಂಬಿದರು. ಆಮೇಲೆ ಅದನ್ನು ನಡುಗಿಸಿ ನಡುಗಿಸಿ ಗಟ್ಟಿ ಮಾಡಬೇಕಾಯಿತು. ಗೋಡೆಯ ಒಳಗೆ ನೀರು ಹರಿಯದೆ ನಿಂತುಬಿಡುತ್ತೆ ಅಂತ ಗೊತ್ತಾಗಿ ಗೋಡೆಯಲ್ಲಿ ಸಂದು ಬಿಡಿಸಿದರು. ಖರ್ಚು ಹೊಂದಿಸಲು ಮೊದಲು ಹೇಳಿದ್ದಕ್ಕಿಂತ ಜಾಸ್ತಿ ಮನೆ ತುರುಕಿದರು. ನಡುವಿನ ಅಂತರ ಕಮ್ಮಿ ಆಯಿತು ಅಂತ ಮೊದಲೇ ತೆಗೆದುಕೊಂಡವರು ಗೊಣಗಿದರು. ಇಷ್ಟೆಲ್ಲ ಆಗಿಯೂ ಅದು ಗೆದ್ದಿತು ಅನ್ನಲೇಬೇಕು. ಅಲ್ಲಿಗೆ ಸೇತುವೆ ಇದೆ, ಆಚೆ ದಡದಲ್ಲಿ ಬೆಳೆಯುತ್ತಿದ್ದ ಊರಿದೆ, ಹೊರದೇಶದವರು ಸ್ವಂತಕ್ಕೆ ಕೊಳ್ಳಬಹುದು ಅಂತ 2002ರಲ್ಲೇ ಅಲ್ಲಿ ದಾರಿ ತೆರೆದಿತ್ತು.

ಸರ್ ಇನ್ನೊಂದು ಹೇಳಿದರು. ಕೊಚ್ಚಿಯ ವಿಲ್ಲಿಂಗ್ಡನ್ ದ್ವೀಪವೂ ಮನುಷ್ಯ ಮಾಡಿದ್ದೇ. "ಆದರೆ ಅದು ಬಂದರಿಗೆ ಅಂತ ಹೂಳೆತ್ತಿದ ಮಣ್ಣು. ಹೇಗೂ ಎಲ್ಲಾದರೂ ಹಾಕಬೇಕಿತ್ತು, ಅಲ್ಲಿ ಹಾಕಿದರು. ಹಿನ್ನೀರು, ಅಲೆಯೂ ಇಲ್ಲ. ನಿಮ್ಮದು ಹಾಗಾ?"

ಮರಳಿನ ತಪ್ಪು ಸರಿಮಾಡಿದ ಮೇಲೂ ಐಆರ್‌ಆರ್ 17ರ ಹತ್ತಿರ ನಿಂತಿತ್ತು. ಪರವಾಗಿಲ್ಲ ಅಂದುಕೊಂಡೆ. ನಿಜವಾದ ತಪ್ಪು ಇದ್ದದ್ದು ಕಾಲಮ್ಮುಗಳಲ್ಲಿ, ಅಂದರೆ ವರ್ಷಗಳಲ್ಲಿ.

ಸರ್ಜಾಪುರದ ಶೀಟಿನಲ್ಲಿ ಫೇಸ್ ಒಂದು, ಫೇಸ್ ಎರಡು, ಫೇಸ್ ಮೂರು ಅಂತ ಇರುತ್ತೆ. ನಲವತ್ತು ವಿಲ್ಲಾ ಕಟ್ಟು, ಮಾರು, ಅದೇ ದುಡ್ಡಲ್ಲಿ ಮುಂದಿನ ನಲವತ್ತು. ಮಾರ್ಕೆಟ್ ಬಿದ್ದರೆ ಫೇಸ್ ಮೂರು ನಿಲ್ಲಿಸಿ ಅಲ್ಲಿ ಒಂದು ಬೋರ್ಡ್ ಹಾಕಿ ತೆಪ್ಪಗೆ ಇರಬಹುದು. ಜಾಗ ಎಲ್ಲಿಗೂ ಹೋಗಲ್ಲ, ಕಾಯುತ್ತಾ ಇದ್ದರೆ ಬೆಲೆ ಏರಿದರೂ ಏರಬಹುದು. ದ್ವೀಪಕ್ಕೆ ಹಾಗೆ ಫೇಸ್ ಮಾಡಲು ಬರಲ್ಲ. ಮೊದಲ ವಿಲ್ಲಾದ ಪಾಯ ತೋಡುವ ಮುಂಚೆ ಪೂರ್ತಿ ತಡೆಗೋಡೆ, ಪೂರ್ತಿ ಮರಳು, ಸೇತುವೆ, ಕರೆಂಟು, ನೀರು, ಒಳಚರಂಡಿ ಎಲ್ಲ ಮುಗಿದಿರಬೇಕು. ಅರ್ಧ ತಡೆಗೋಡೆ ಅಂದರೆ ಇಲ್ಲದ ಹಾಗೆ. ನಾನು ಮೂರನೇ ವರ್ಷದಿಂದ ಮಾರಾಟದ ದುಡ್ಡು ತೋರಿಸಿದ್ದೆ, ಯಾಕೆಂದರೆ ಹಳೇ ಶೀಟಿನಲ್ಲಿ ಹಾಗಿತ್ತು. ಸರ್ ಅದನ್ನು ಏಳಕ್ಕೆ ತಳ್ಳಿದರು. ಇವತ್ತು ಮರಳಿಗೆ ಸುರಿದ 100 ಕೋಟಿ, 12 ಪರ್ಸೆಂಟ್ ಬಡ್ಡಿಗೆ ಏಳು ವರ್ಷ ಕಳೆದರೆ 221 ಕೋಟಿ. ಕೊಳ್ಳುವವರ ಅಡ್ವಾನ್ಸಿನಲ್ಲಿ ಸರಿದೂಗಿಸೋಣ ಅಂದರೆ, ಇಲ್ಲಿ ರೇರಾ ಅನ್ನುವ ರಿಯಲ್ ಎಸ್ಟೇಟ್ ಕಾನೂನಿನಲ್ಲಿ 70 ಪರ್ಸೆಂಟ್ ಬೇರೆ ಖಾತೆಯಲ್ಲಿ ಇಡಬೇಕಲ್ವಾ, ದುಬೈನಲ್ಲೂ 2007ರಿಂದ ಅಂಥದ್ದೇ ಎಸ್ಕ್ರೋ ಕಾನೂನಿದೆ. ಪಾಮ್ ಶುರುವಾದ ಕಾಲವೇ ಬೇರೆ.

ಆಮೇಲೆ ಸರ್ ದುಬೈನ 'ದಿ ವರ್ಲ್ಡ್' ನೆನಪು ಮಾಡಿದರು. ಪ್ರಪಂಚದ ಭೂಪಟದ ಆಕಾರದಲ್ಲಿ ಸುಮಾರು 300 ದ್ವೀಪ, ದಡದಿಂದ ನಾಲ್ಕು ಕಿಲೋಮೀಟರ್ ಸಮುದ್ರದೊಳಗೆ. 2003ರಲ್ಲಿ ಶುರು, 2008ರ ಮೊದಲಿಗೆ ತಡೆಗೋಡೆ ಮುಗಿಯಿತು. ಸೇತುವೆ ಇಲ್ಲ, ಸಿಮೆಂಟ್ ಮೂಟೆಯಿಂದ ಮೇಸ್ತ್ರಿಯವರೆಗೆ ಎಲ್ಲವೂ ದೋಣಿಯಲ್ಲೇ ಹೋಗಬೇಕು. ಅದೇ ವರ್ಷ ಜಗತ್ತಿನ ಮಾರ್ಕೆಟ್ ಬಿತ್ತು. 2009ರ ನವೆಂಬರ್‌ನಲ್ಲಿ ದುಬೈ ವರ್ಲ್ಡ್, ಅಂದರೆ ಈ ದ್ವೀಪಗಳನ್ನು ಮಾಡಿದ ನಖೀಲ್‌ನ ಮಾತೃಸಂಸ್ಥೆ, ಸಾಲ ತೀರಿಸಲು ಗಡುವು ಮುಂದಕ್ಕೆ ಹಾಕಿ ಅಂತ ಕೇಳಿತು. ಡಿಸೆಂಬರ್‌ನಲ್ಲಿ ಅಬುಧಾಬಿ 1,000 ಕೋಟಿ ಡಾಲರ್ ಕೊಟ್ಟಿತು. ದ್ವೀಪಗಳಲ್ಲಿ ಹೆಚ್ಚಿನವು ವರ್ಷಗಟ್ಟಲೆ ಬರೀ ಮರಳು ದಿಬ್ಬಗಳಾಗಿ ಉಳಿದವು. ಪಾಮ್ ಜೆಬೆಲ್ ಅಲಿ ಅಂತ ಇನ್ನೊಂದು, 2002ರಲ್ಲಿ ಶುರುವಾಗಿ ನಿಂತುಹೋಗಿದ್ದು, 2023ರಲ್ಲಿ ಮತ್ತೆ ಹೊಸದಾಗಿ ಘೋಷಣೆ ಆಯಿತು. ಸರ್ಕಾರದ ಬೆನ್ನಿದ್ದವರು ಅಷ್ಟು ವರ್ಷ ಕಾದರು. ನಮ್ಮ ಕ್ಲೈಂಟ್‌ಗೆ ಬ್ಯಾಂಕ್ ಆರು ತಿಂಗಳು ಕೊಟ್ಟರೆ ಹೆಚ್ಚು.

ಮೀಟಿಂಗ್ ದಿನ ಇದನ್ನೆಲ್ಲ ಹೇಳಿದೆ. ಕ್ಲೈಂಟ್ ಏನೂ ಬಗ್ಗಲಿಲ್ಲ. "ಸಾರ್, ಕೊಳ್ಳೋರು ನಮ್ಮ ಬೆಂಗಳೂರಿನವರೇ ಇದ್ದಾರೆ. ಐಟಿ ದುಡ್ಡು" ಅಂತ ಸರ್ ಕಡೆ ತಿರುಗಿದರು, ನನ್ನ ಕಡೆ ಅಲ್ಲ. ಅಲ್ಲಿ ಮಾತ್ರ ನಾನು ಸಿದ್ಧವಾಗಿ ಹೋಗಿದ್ದೆ. ಎಲ್‌ಆರ್‌ಎಸ್, ಅಂದರೆ ಹೊರದೇಶಕ್ಕೆ ದುಡ್ಡು ಕಳಿಸುವ ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಇಲ್ಲಿ ವಾಸ ಇರುವ ಒಬ್ಬರು ವರ್ಷಕ್ಕೆ 2.5 ಲಕ್ಷ ಡಾಲರ್ ಮಾತ್ರ ಹೊರಗೆ ಕಳಿಸಬಹುದು. ಹತ್ತು ಲಕ್ಷ ರೂಪಾಯಿ ದಾಟಿದರೆ ಮೇಲಿನದ್ದಕ್ಕೆ 20 ಪರ್ಸೆಂಟ್ ಟಿಸಿಎಸ್, ಅಂದರೆ ಮುಂಗಡವಾಗಿ ವಸೂಲು ಮಾಡುವ ತೆರಿಗೆ, ಬೇರೆ ಹಿಡಿಯುತ್ತಾರೆ. ತೆರಿಗೆಯಲ್ಲಿ ಹೊಂದಿಕೆ ಆಗುತ್ತೆ, ಆದರೆ ಆವತ್ತಿಗೆ ಕೈಯಿಂದ ಹೋಗಬೇಕು. ಗಂಡ ಹೆಂಡತಿ ಸೇರಿದರೂ ಆ ವಿಲ್ಲಾದ ರೇಟಿಗೆ ಮೂರು ವರ್ಷ ಕಳಿಸಬೇಕಿತ್ತು.

ಮಲೇಷ್ಯಾದ ಜೊಹೋರ್‌ನ ಫಾರೆಸ್ಟ್ ಸಿಟಿ ಬಿದ್ದದ್ದೂ ಹೆಚ್ಚುಕಮ್ಮಿ ಹೀಗೇ. ನಾಲ್ಕು ದ್ವೀಪ, ಏಳು ಲಕ್ಷ ಜನ ಅಂತ ಪ್ಲಾನ್. ಚೀನಾದ ಕಂಟ್ರಿ ಗಾರ್ಡನ್ ಕಟ್ಟಿದ್ದು, ಚೀನಾದವರಿಗೇ ಮಾರಲು ಹೊರಟಿದ್ದು. ಚೀನಾದಲ್ಲಿ ಒಬ್ಬರಿಗೆ ವರ್ಷಕ್ಕೆ 50,000 ಡಾಲರ್ ಮಿತಿ, ಅದನ್ನು ಮನೆ ಕೊಳ್ಳಲು ಕಳಿಸಬಾರದು ಅಂತ ಸರ್ಕಾರ ಬಿಗಿ ಮಾಡಿತು. 2018ರಲ್ಲಿ ಮಲೇಷ್ಯಾದ ಆಗಿನ ಪ್ರಧಾನಿ ಮಹಾತಿರ್ ಇದು ಹೊರದೇಶದವರಿಗೆ ಅಂತ ಕಟ್ಟಿದ್ದು, ಆಗಲ್ಲ ಅಂದರು. 2023ರಲ್ಲಿ ಕಂಪನಿಯೇ ಸಾಲ ಕಟ್ಟಲಾಗದೆ ಕೂತಿತು. ಕಟ್ಟಡ ಚೆನ್ನಾಗೇ ಇದೆ, ಇರುವವರು ಕಮ್ಮಿ.

"ಸರಿ ಸಾರ್, ಮೇಂಟೆನೆನ್ಸ್ ಲೆಕ್ಕ ಯಾಕೆ ಇಷ್ಟು ಹಾಕಿದ್ದೀರಿ?" ಅಂತ ಕೊನೆಗೆ ಕೇಳಿದರು. ಸರ್ ಹಿಂದಿನ ದಿನ ಅಲ್ಲೊಂದು ಸಾಲು ಸೇರಿಸಿದ್ದರು, ಪ್ರತಿ ವರ್ಷ, ಕೊನೆಯಿಲ್ಲದೆ. ಮರಳು ತೊಳೆದುಹೋಗುತ್ತೆ, ಮತ್ತೆ ತುಂಬಬೇಕು. ಮಂಗಳೂರು ಬಂದರಿನಲ್ಲಿ ಮಳೆಗಾಲ ಮುಗಿದ ಮೇಲೆ ಪ್ರತಿ ಸಲ ಹೂಳೆತ್ತುವುದು, ಉಳ್ಳಾಲದ ಕಡಲ್ಕೊರೆತಕ್ಕೆ ಬಂಡೆ ಹಾಕಿದ್ದು, ಹಾಕಿದ ಬಂಡೆಯನ್ನೇ ಕಡಲು ಎಳೆದುಕೊಂಡದ್ದು ಎಲ್ಲ ಸರ್ ಕಣ್ಣಾರೆ ಕಂಡದ್ದು. ಜಪಾನಿನ ಕನ್ಸಾಯ್ ವಿಮಾನ ನಿಲ್ದಾಣ 1994ರಲ್ಲಿ ಇಂಥ ದ್ವೀಪದ ಮೇಲೆ ತೆರೆಯಿತು. ಕುಸಿಯುತ್ತೆ ಅಂತ ಮೊದಲೇ ಲೆಕ್ಕ ಹಾಕಿದ್ದರು, ಆದರೂ ದ್ವೀಪ ಕಟ್ಟಲು ಶುರು ಮಾಡಿದಾಗಿನಿಂದ ಇದುವರೆಗೆ ಲೆಕ್ಕ ಮೀರಿ 13 ಮೀಟರಿಗಿಂತ ಜಾಸ್ತಿ ಕುಸಿದಿದೆ. 2018ರ ಚಂಡಮಾರುತದಲ್ಲಿ ರನ್‌ವೇಗೆ ನೀರು ನುಗ್ಗಿತು, ಒಂದು ಹಡಗು ಹೋಗಿ ಸೇತುವೆಗೇ ಗುದ್ದಿತು, ಸಾವಿರಾರು ಜನ ಅಲ್ಲೇ ಸಿಕ್ಕಿಹಾಕಿಕೊಂಡರು.

ಕ್ಲೈಂಟ್ ನಕ್ಕರು. "ಅದೆಲ್ಲ ನಮಗ್ಯಾಕೆ? ಕಟ್ಟಿ ಮುಗಿಸಿ ಅಸೋಸಿಯೇಷನ್‌ಗೆ ಹ್ಯಾಂಡೋವರ್ ಮಾಡಿಬಿಡೋದು."

ನಾನಿರುವ ಅಪಾರ್ಟ್‌ಮೆಂಟಿನಲ್ಲಿ ಒಂದು ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಮೋಟರ್ ಬದಲಿಸಲು ಎಂಟು ತಿಂಗಳು ಜಗಳ ಆಯಿತು. ಇಬ್ಬರು ವಾಟ್ಸಾಪ್ ಗ್ರೂಪ್ ಬಿಟ್ಟರು, ಮೇಂಟೆನೆನ್ಸ್ ಕಟ್ಟದ ಒಬ್ಬರ ಹೆಸರನ್ನು ಲಿಫ್ಟಿನಲ್ಲಿ ಅಂಟಿಸಿದ್ದಕ್ಕೆ ಪೊಲೀಸ್ ಕಂಪ್ಲೇಂಟ್ ಆಯಿತು. ಆ ಅಸೋಸಿಯೇಷನ್‌ಗೆ ಕಿಲೋಮೀಟರ್‌ಗಟ್ಟಲೆ ತಡೆಗೋಡೆ ಹಸ್ತಾಂತರ ಮಾಡುವುದನ್ನು ನೆನೆಸಿಕೊಂಡೆ. ಅದೂ ವರ್ಷದಲ್ಲಿ ಎರಡು ವಾರ ಬಂದು ಹೋಗುವ ಮಾಲೀಕರು. ಇದನ್ನು ಹಾಗೇ ಹೇಳಿಬಿಟ್ಟೆ. ಅವರೂ ಒಂದು ಅಪಾರ್ಟ್‌ಮೆಂಟಿನಲ್ಲಿ ಇರುವವರೇ, ಸುಮ್ಮನಾದರು. ಹೂಳು, ಬಡ್ಡಿ, ಫಾರೆಸ್ಟ್ ಸಿಟಿ ಯಾವುದೂ ಮುಟ್ಟಿರಲಿಲ್ಲ, ಎಸ್‌ಟಿಪಿ ಮುಟ್ಟಿತು.

ಕೊನೆಯ ಶೀಟಿನಲ್ಲಿ ಐಆರ್‌ಆರ್ 8. ಎಫ್‌ಡಿಗಿಂತ ಸ್ವಲ್ಪ ಮೇಲೆ, ರಿಸ್ಕ್ ಮಾತ್ರ ಸಮುದ್ರದಷ್ಟು. ಅವರು ಕೈಬಿಟ್ಟರು. ನಾನು ಆವತ್ತಿನಿಂದ ಹಳೇ ಶೀಟ್ ಕಾಪಿ ಮಾಡುವಾಗ ಪ್ರತಿ ಸಾಲಿನ ಮುಂದೆ ಇದು ಯಾವ ಜಾಗಕ್ಕೆ ಅಂತ ಹಾಕಿದ ಅಂಕಿ ಅಂತ ಒಂದು ಕಾಲಮ್ ಸೇರಿಸುತ್ತೇನೆ. ಜೂನಿಯರ್‌ಗಳು ಬೈದುಕೊಳ್ಳುತ್ತಾರೆ. ಬೈದುಕೊಳ್ಳಲಿ. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಬಸ್ ಸ್ಟ್ಯಾಂಡ್ ಮಾಡಿಕೊಂಡ ಊರು ನಮ್ಮದು. 2022ರ ಸೆಪ್ಟೆಂಬರ್‌ನಲ್ಲಿ ಯಮಲೂರು ಕಡೆ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನ ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದದ್ದನ್ನು ನೋಡಿದ್ದೇವೆ. ನೀರಿನ ಸಾಲು ನಮ್ಮ ಸರ್ಜಾಪುರದ ಶೀಟಿನಲ್ಲೂ ಇರಬೇಕಿತ್ತು, ಇರಲಿಲ್ಲ.

ಅದೇ ಕ್ಲೈಂಟ್ ಮೊನ್ನೆ ಹೊಸ ಫೈಲ್ ಕಳಿಸಿದ್ದಾರೆ. ದೇವನಹಳ್ಳಿ ಹತ್ತಿರ ಮೂವತ್ತೆಕರೆ. ಪಹಣಿ ಸರಿ ಇದೆ, ರಸ್ತೆ ಇದೆ. ಪ್ಲಾನ್ ತೆರೆದು ನೋಡಿದರೆ ನಡುವೆ ಒಂದು ಕೆರೆ ತೋಡಿಸಿದ್ದಾರೆ, ಕೆರೆಯ ನಡುವೆ ಒಂದು ಪುಟ್ಟ ದ್ವೀಪ, ಅದರ ಮೇಲೆ ಕ್ಲಬ್‌ಹೌಸ್. ಸರ್‌ಗೆ ಇನ್ನೂ ತೋರಿಸಿಲ್ಲ.