ಗಿಮ್ಲಿಯ ಕಾಲು, ನನ್ನ ಅಕ್ಕಿ ಮೂಟೆ: ಐದು ವಾರದ ಲೆಕ್ಕ

ವಾರ 1

ಇದು ಶುರುವಾಗಿದ್ದೇ ಸಿಟ್ಟಿನಿಂದ. 2002ರ 'ದ ಟೂ ಟವರ್ಸ್' ಸಿನಿಮಾದಲ್ಲಿ ಕುಬ್ಜರ ಕುಲದ ಗಿಮ್ಲಿ ಏದುಸಿರು ಬಿಡುತ್ತಾ ಹಿಂದೆ ಉಳಿಯುವ ತಮಾಷೆಯ ಆಸಾಮಿ. ಟೋಲ್ಕಿನ್ನರ 'ದ ಲಾರ್ಡ್ ಆಫ್ ದ ರಿಂಗ್ಸ್' ಓದಿದವರಿಗೆ ಹೊಟ್ಟೆ ಉರಿಯುವ ವಿಷಯ. ಕಾದಂಬರಿಯಲ್ಲಿ ಓರ್ಕ್‌ಗಳೆಂಬ ರಕ್ಕಸರು ಗೆಳೆಯರಾದ ಮೆರ್ರಿ, ಪಿಪ್ಪಿನ್‌ರನ್ನು ಹೊತ್ತೊಯ್ದಾಗ ಅರಗಾರ್ನ್, ಲೆಗೊಲಾಸ್, ಗಿಮ್ಲಿ ಮೂವರೂ ಕಾಲ್ನಡಿಗೆಯಲ್ಲೇ ಬೆನ್ನಟ್ಟುತ್ತಾರೆ. ನಾಲ್ಕನೇ ದಿನ ಮುಗಿಯುವಷ್ಟರಲ್ಲಿ 45 ಲೀಗ್. ಒಂದು ಲೀಗಿಗೆ ಮೂರು ಮೈಲಿ ಹಿಡಿದರೆ 135 ಮೈಲಿ, ಸುಮಾರು 217 ಕಿ.ಮೀ. ದಾರಿಯಲ್ಲಿ ಕುದುರೆ ಮೇಲೆ ಎದುರಾದ ರೋಹನ್ ರಾಜ್ಯದ ದಳಪತಿ ಎಯೊಮರ್‌ಗೇ ಅದನ್ನು ಕೇಳಿ ಬೆರಗಾಗುತ್ತದೆ.

ಲೆಗೊಲಾಸ್ ಎಲ್ಫ್ ಎಂಬ ಸಾವಿಲ್ಲದ ಕುಲದವನು, ಕಣ್ಣು ತೆರೆದುಕೊಂಡೇ ನಿದ್ದೆಯಂಥದ್ದನ್ನು ಮಾಡಬಲ್ಲ. ಅರಗಾರ್ನ್ ದೀರ್ಘಾಯುಷಿಗಳಾದ ನೂಮೆನೋರ್ ವಂಶದ ಮನುಷ್ಯ. ಆಗ ಅವನಿಗೆ 87, ಎಯೊಮರ್ ಸಿಕ್ಕ ಮಾರನೆಯ ದಿನವೇ 88 ತುಂಬುತ್ತದೆ (ಅವರ ಫೆಬ್ರುವರಿಗೆ 30 ದಿನ, ಅವನು ಹುಟ್ಟಿದ್ದು ಮಾರ್ಚ್ 1). ಇವರಿಬ್ಬರಿಗೂ ಕಾರಣ ಸಿಕ್ಕಿತು. ಕುಳ್ಳ ಕಾಲಿನ, ಉಕ್ಕಿನ ಬಳೆಗಳ ಅಂಗಿ ತೊಟ್ಟ ಗಿಮ್ಲಿ ಇವರ ಜೊತೆ ಹೇಗೆ ಓಡಿದ? ಇದಕ್ಕೆ ನನ್ನದೇ ಒಂದು ಥಿಯರಿ ಕಟ್ಟಬೇಕು, ಆಮೇಲೆ ನನ್ನ ಮೈಮೇಲೆ ಪರೀಕ್ಷೆ ಮಾಡಬೇಕು. ಇಷ್ಟೇ ಯೋಜನೆ.

ವಾರ 2

ಮೊದಲು ದೂರವನ್ನೇ ಅನುಮಾನಿಸಿದೆ. ಗ್ರೀಸಿನಲ್ಲಿ 1983ರಿಂದ ನಡೆಯುವ ಸ್ಪಾರ್ಟಾಥ್ಲಾನ್ 246 ಕಿ.ಮೀ., ಅದನ್ನು 36 ಗಂಟೆಯೊಳಗೆ ಮುಗಿಸಬೇಕು. ಮಾಮೂಲಿ ರಕ್ತಮಾಂಸದ ಜನ ಮುಗಿಸುತ್ತಾರೆ. ಹಾಗಾದರೆ ನಾಲ್ಕು ದಿನಕ್ಕೆ 217 ಪವಾಡವಲ್ಲ. ಎರಡನೇ ದಿನ ಬೆಳಗಿನಿಂದ ಸಂಜೆಯವರೆಗೆ 12 ಲೀಗ್, ಅಂದರೆ 58 ಕಿ.ಮೀ. ಕಷ್ಟ, ಆದರೆ ಆಗದ ಮಾತಲ್ಲ. ಆದರೆ ಸ್ಪಾರ್ಟಾಥ್ಲಾನ್ ಓಟಗಾರ ಕೊಡಲಿ ಸಿಕ್ಕಿಸಿಕೊಂಡು ಓಡುವುದಿಲ್ಲವಲ್ಲ.

ಆಮೇಲೆ ಊಟ. ಓಟಕ್ಕೆ ಕಿಲೋ ತೂಕಕ್ಕೆ, ಕಿಲೋಮೀಟರಿಗೆ ಸುಮಾರು 1 ಕಿಲೋಕ್ಯಾಲೊರಿ. ಗಿಮ್ಲಿಯ ತೂಕ ಎಲ್ಲೂ ಬರೆದಿಲ್ಲ, ಸಾಮಾನು ಸೇರಿ 70 ಅಂತ ಹಿಡಿದೆ. 70 ಗುಣಿಸು 217, ಹದಿನೈದು ಸಾವಿರ ದಾಟಿತು. ಸುಮ್ಮನೆ ಬದುಕಿರುವುದಕ್ಕೆ ಬೇಕಾದ್ದು ಬೇರೆ. ಎರಡೂ ಸೇರಿ ದಿನಕ್ಕೆ 5,000 ಕಿಲೋಕ್ಯಾಲೊರಿಯ ಮೇಲೆ. ಅಷ್ಟನ್ನು ಬರೀ ತುಪ್ಪದಲ್ಲೇ ತುಂಬಿದರೂ ಅರ್ಧ ಕೆಜಿಗಿಂತ ಹೆಚ್ಚು ಬೇಕು. ಎಲ್ಫ್‌ಗಳ ಬುತ್ತಿ ಲೆಂಬಸ್ ತೆಳ್ಳಗಿನ ಬಿಲ್ಲೆ. ಒಂದು ತಿಂದರೆ ದಿನವಿಡೀ ದುಡಿಯಬಹುದಂತೆ. ಮೊದಲ ಸಲ ಕೊಟ್ಟಾಗ ಗಿಮ್ಲಿ ಇಡೀ ಬಿಲ್ಲೆಯನ್ನು ಚಪ್ಪರಿಸಿ ಮುಗಿಸಿದ, ಎಲ್ಫ್‌ಗಳು ಸಾಕು ಸಾಕು ಎಂದು ನಕ್ಕರು. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಅನ್ನುವ ನಮ್ಮ ಮುದ್ದೆ ಗಾದೆಗೂ ಇಷ್ಟು ಧೈರ್ಯವಿಲ್ಲ.

ಆದರೆ ಲೆಂಬಸ್ ನನ್ನ ಪ್ರಶ್ನೆಗೆ ಉತ್ತರವಲ್ಲ. ಮೂವರೂ ಅದನ್ನೇ ತಿಂದರು.

ವಾರ 3

1977ರಲ್ಲಿ ಬಂದ, ಟೋಲ್ಕಿನ್ನರ ಲೋಕದ ಪುರಾಣವಾದ 'ದ ಸಿಲ್ಮರಿಲಿಯನ್' ಮತ್ತೆ ತೆಗೆದೆ. ಔಲೆ ಎಂಬ ದೇವತೆ ಕುಬ್ಜರನ್ನು ಗಟ್ಟಿಯಾಗಿ, ಬಗ್ಗದವರನ್ನಾಗಿ ಮಾಡಿದ. ಯಾಕೆಂದರೆ ಆ ಕಾಲದಲ್ಲಿ ದುಷ್ಟಶಕ್ತಿ ಮೆಲ್ಕೋರ್‌ನ ಹಾವಳಿ ಇನ್ನೂ ಇತ್ತು. ದುಡಿಮೆ, ಹಸಿವು, ಮೈನೋವು ಇವನ್ನು ಮಾತಾಡಬಲ್ಲ ಉಳಿದೆಲ್ಲ ಜನರಿಗಿಂತ ಅವರೇ ಹೆಚ್ಚು ತಡೆಯಬಲ್ಲರು. ಕಾದಂಬರಿಯಲ್ಲೂ ಪಯಣ ಶುರುವಾಗುವಾಗಲೇ ಗಿಮ್ಲಿಯ ಅಂಗಿಯ ವಿಷಯದಲ್ಲಿ ಇನ್ನೊಂದು ಸಾಲಿದೆ: ಕುಬ್ಜರಿಗೆ ಹೊರೆ ಹೊರೆಯೇ ಅಲ್ಲ. ಕೇಸ್ ಮುಗೀತು ಅಂತ ಸಂಭ್ರಮಪಟ್ಟೆ.

ಆದರೆ ಬೆನ್ನಟ್ಟಿದ ಎರಡನೇ ರಾತ್ರಿಯ ಪುಟ ಅಡ್ಡ ಬಂತು. ನಿಲ್ಲೋಣವೇ, ಹೋಗೋಣವೇ ಎಂಬ ಮಾತು ಬಂದಾಗ ಮುಂದೆ ಹೋಗೋಣ ಅನ್ನುವುದು ಲೆಗೊಲಾಸ್. ತಾನೂ ಓರ್ಕ್‌ಗಳು ಹೊರಟಿರುವ ಇಸೆನ್‌ಗಾರ್ಡ್ ಕೋಟೆಯವರೆಗೆ ನಿಲ್ಲದೆ ಓಡಲಾರೆ ಅನ್ನುವುದು ಗಿಮ್ಲಿ. ಸುಸ್ತೇ ಆಗದವನು ಹೀಗೆ ಹೇಳುತ್ತಾನೆಯೇ? ಇಷ್ಟರ ಮೇಲೆ, ಹಿಂದೆಂದೂ ಅಷ್ಟಾಗಿ ಕಾಣದ ದಣಿವು ಎಂದು ಒಪ್ಪಿಕೊಳ್ಳುವುದು ಅರಗಾರ್ನ್! ಅದು ಕಾಲಿನ ದಣಿವಲ್ಲ, ಆ ಕೋಟೆಯ ಮಾಂತ್ರಿಕ ಸಾರುಮಾನ್ ಒಡ್ಡಿದ ಮನಸ್ಸಿನ ಗೋಡೆ ಅಂತ ಅವರಿಗೆ ಅನ್ನಿಸುತ್ತದೆ.

'ಹುಟ್ಟಾ ಗಟ್ಟಿ' ಅನ್ನುವ ಥಿಯರಿಗೆ ಅಲ್ಲಿಗೆ ತೂತು ಬಿತ್ತು.

ವಾರ 4

ಮೈ ಪರೀಕ್ಷೆ. ಅಂಗಿಯ ಬದಲಿಗೆ 10 ಕೆಜಿ ಸೋನಾ ಮಸೂರಿ ಮೂಟೆ, ಬೆನ್ನಿಗೆ ಬ್ಯಾಗಿನಲ್ಲಿ. ಮೊದಲು ನನ್ನ ಉದ್ದ ಹೆಜ್ಜೆ, ಆಮೇಲೆ ಗಿಮ್ಲಿಯ ಹಾಗೆ ಅರ್ಧ ಮೀಟರಿನ ಹೆಜ್ಜೆ. 217 ಕಿ.ಮೀ.ಗೆ ಮುಕ್ಕಾಲು ಮೀಟರಿನ ಹೆಜ್ಜೆಯಾದರೆ 2.9 ಲಕ್ಷ, ಅರ್ಧ ಮೀಟರಾದರೆ 4.3 ಲಕ್ಷ. ಈ ಒಂದೂವರೆ ಲಕ್ಷ ಹೆಚ್ಚಿನ ಹೆಜ್ಜೆಯೇ ಅವನಿಗೆ ಬಿದ್ದ ದಂಡ ಅಂತ ನನ್ನ ನಂಬಿಕೆಯಾಗಿತ್ತು.

ಆ ನಂಬಿಕೆಯನ್ನು ಮುರಿದದ್ದು ಅಕ್ಕಿ ಮಂಡಿಯ ಹಮಾಲಿ ಅಣ್ಣ. ಮೂಟೆ ಏರಿಸಿಕೊಂಡು ಬೀಸುಗಾಲಲ್ಲಿ ಹೊರಟ ನನ್ನನ್ನು ನೋಡಿ ಕೂಗಿದರು.

"ಸಾರ್, ಕಾಲು ಅಷ್ಟು ಬೀಸ್ಬೇಡಿ, ಸೊಂಟ ಹಿಡ್ಕೊಳ್ತದೆ. ಸಣ್ಣ ಸಣ್ಣ ಹೆಜ್ಜೆ ಇಡಿ. ಉಸಿರು ಕಟ್ಟೋ ಮುಂಚೆನೇ ನಿಲ್ಲಿ, ಕಟ್ಟಿದ ಮೇಲಲ್ಲ."

ಕೆರೆ ಏರಿಯ ಮೇಲೆ ಎರಡೂ ರೀತಿ ನಡೆದು ನೋಡಿದೆ. ಖಾಲಿ ಬೆನ್ನಿಗೆ ಉದ್ದ ಹೆಜ್ಜೆ ಸಲೀಸು. ಹೊರೆ ಇದ್ದಾಗ, ಅದೂ ಇಳಿಜಾರಿನಲ್ಲಿ, ಉದ್ದ ಹೆಜ್ಜೆ ಇಟ್ಟರೆ ಮೊಣಕಾಲಿಗೆ ಗುದ್ದಿದಂತಾಗುತ್ತದೆ. ಸಣ್ಣ ಹೆಜ್ಜೆ ದಂಡವಲ್ಲ, ಮಾರ್ಗ.

ನೇಪಾಳದ ಹೊರೆಯಾಳುಗಳ ಮೇಲೆ 2005ರಲ್ಲಿ ಬಂದ ಅಧ್ಯಯನ ಆಗ ನೆನಪಾಯಿತು. ಗಂಡಾಳುಗಳು ಸರಾಸರಿ ತಮ್ಮ ತೂಕದ ಶೇ. 90ರ ಆಸುಪಾಸು ಹೊತ್ತು ಎವರೆಸ್ಟ್ ದಾರಿಯ ನಾಮ್ಚೆ ಊರಿನ ಕಡೆಗೆ ಏರುತ್ತಾರೆ. ನಿಧಾನ ನಡಿಗೆ, ಪದೇ ಪದೇ ವಿಶ್ರಾಂತಿ, ದಿನವಿಡೀ. ಹಮಾಲಿ ಅಣ್ಣ ಹೇಳಿದ್ದು ಅದನ್ನೇ.

ಹಾಗಾಗಿ ಈಗಿನ ಥಿಯರಿ ಹೀಗೆ. ಗಿಮ್ಲಿಗೆ ಸುಸ್ತಾಗುತ್ತದೆ, ಆದರೆ ಅದರ ಅಳತೆ ಮೂವರಲ್ಲಿ ಅವನಿಗೇ ಸರಿಯಾಗಿ ಗೊತ್ತು. ಎರಡನೇ ರಾತ್ರಿ ನಿಲ್ಲುವ ಪರವಾಗಿ ಮಾತಾಡಿದ್ದು ಅಶಕ್ತಿಯಲ್ಲ, ಕಸುಬು. ಔಲೆ ಕೊಟ್ಟ ಗಟ್ಟಿ ಮೈ ಬಂಡವಾಳ, ಅದನ್ನು ನಾಲ್ಕು ದಿನಕ್ಕೆ ಹಂಚಿಕೊಂಡದ್ದು ಗಿಮ್ಲಿ. ಕತ್ತಲಲ್ಲಿ ಓಡಿದರೆ ಹೆಜ್ಜೆ ಗುರುತು ತಪ್ಪಿಹೋದೀತು ಎಂಬ ಮಾತೂ ಆ ಚರ್ಚೆಯಲ್ಲಿದೆ. ಅದು ನನ್ನ ಥಿಯರಿಗೆ ಸ್ವಲ್ಪ ಏಟು, ಒಪ್ಪಿಕೊಳ್ಳುತ್ತೇನೆ.

ವಾರ 5

ಭಾನುವಾರ ಮೂಟೆ ಸಮೇತ 18 ಕಿ.ಮೀ., ಪ್ರತಿ ಎರಡು ಕಿಲೋಮೀಟರಿಗೆ ಐದು ನಿಮಿಷ ನಿಂತು. ಸೋಮವಾರ ಬೆಳಿಗ್ಗೆ ಮೀನಖಂಡ ಹಿಡಿದುಕೊಂಡಿರಲಿಲ್ಲ, ಕುಣಿಯುವಷ್ಟು ಖುಷಿ. ಸಂಜೆ ಮೂಟೆ ತೂಗಿದರೆ 7.8 ಕೆಜಿ. ಶನಿವಾರ ನೆಂಟರು ಬಂದಿದ್ದರಲ್ಲ, ಅಮ್ಮ ಅದರಲ್ಲೇ ಎರಡು ಪಾವು, ಮೂರು ಪಾವು ಅಂತ ತೆಗೆಯುತ್ತಾ ಹೋಗಿದ್ದಾರೆ.

"ಮನೇಲಿ ಅಕ್ಕಿ ಇಟ್ಕೊಂಡು ಅಂಗಡಿಗೆ ಹೋಗ್ಲಾ?" ಅಂದರು.

ಭಾನುವಾರದ ಸಾಲನ್ನು ಲೆಕ್ಕದಿಂದ ತೆಗೆದಿದ್ದೇನೆ. ಮುಂದಿನ ಸಲ ಮರಳು ತುಂಬಿಸಿಕೊಳ್ಳುತ್ತೇನೆ.