‘ಅರಸ’ದಲ್ಲಿ ಎಷ್ಟು ‘ಅ’ಗಳಿವೆ?

ಕೊಪ್ಪಳದ ಸಮೀಪದ ಹಳ್ಳಿಯೊಂದರಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ ಓದು ಕಲಿಸುವ ನಾನು, ಈ ಸಲ ಶಾಲೆ ಆರಂಭವಾದ ಮೊದಲ ವಾರಗಳಲ್ಲಿ ಕರಿಹಲಗೆಯ ಮೇಲೆ ‘ಅರಸ’ ಎಂದು ಬರೆದು, ಇದರಲ್ಲಿ ಎಷ್ಟು ‘ಅ’ಗಳಿವೆ ಎಂದು ಕೇಳಿದೆ. ಒಂದೇ ಎಂದು ಎಲ್ಲರೂ ಹೇಳಿದರು. ಹಲಗೆ ಒರೆಸಿ, ಕಣ್ಣು ಮುಚ್ಚಿಸಿ, ಅದೇ ಪದವನ್ನು ನಿಧಾನವಾಗಿ ಬಿಡಿಸಿ ಹೇಳುತ್ತಾ, ಬಾಯಿ ತೆರೆದಾಗಲೆಲ್ಲ ಒಂದೊಂದು ಹುಣಸೆ ಬೀಜವನ್ನು ನೆಲದ ಮೇಲೆ ಇಡಿಸಿದೆ. ಮೂರು ಬೀಜಗಳಾದವು. ಆಮೇಲೆ ‘ರ’ವನ್ನು ಉಸಿರು ಮುಗಿಯುವವರೆಗೂ ಎಳೆಯಲು ಹೇಳಿದಾಗ, ಕೊನೆಯಲ್ಲಿ ಉಳಿಯುವುದು ‘ಅ’ ಎಂಬುದನ್ನು ಹುಡುಗನೊಬ್ಬ ತಾನಾಗಿಯೇ ಕಂಡುಕೊಂಡು, “ಅಕ್ಕೋರ, ಇದರಾಗೂ ಅ ಐತ್ರಿ!” ಎಂದು ಕೂಗಿದ.

ಸರ್ಕಾರಿ ಶಾಲೆಗಳಲ್ಲಿ ಮೊದಲ ತರಗತಿಗಳಿಗೆ ಇರುವ ಚಟುವಟಿಕೆ ಆಧಾರಿತ ಕಲಿಕೆಯ ಪದ್ಧತಿಯಾದ ನಲಿಕಲಿಯಲ್ಲಿ ಓದು ‘ರ, ಗ, ಸ, ದ, ಅ’ ಎಂಬ ಅಕ್ಷರಗಳಿಂದ ಶುರುವಾಗುತ್ತದೆ. ಸರ, ದಸರ, ಅಗಸ ಮುಂತಾದ ಆ ಮೊದಲ ಪದಗಳಲ್ಲೆಲ್ಲ ಇರುವುದು ಒಂದೇ ಸ್ವರವಾದ್ದರಿಂದ, ವ್ಯಂಜನದೊಳಗೆ ಅಡಗಿರುವ ಸ್ವರವನ್ನು ಕಿವಿಯಿಂದ ಹಿಡಿಯಲು ಇದಕ್ಕಿಂತ ಒಳ್ಳೆಯ ಅವಕಾಶ ಮತ್ತೊಂದಿಲ್ಲ. ಇಲ್ಲಿ ಅವಸರ ಮಾಡಿ ಗುಡಿಸು, ಕೊಂಬು, ಏತ್ವಗಳಿಗೆ ಜಿಗಿದರೆ, ಮಗು ಕಾಗುಣಿತವನ್ನು ಹಾಡಿನಂತೆ ಒಪ್ಪಿಸುತ್ತದೆಯೇ ಹೊರತು ‘ಕುರಿ’ಯಲ್ಲಿ ‘ಉ’ ಇದೆ ಎಂಬುದು ಅದಕ್ಕೆ ಹೊಳೆಯುವುದಿಲ್ಲ.

ನಮ್ಮ ಭಾಗದಲ್ಲಿ ಕಷ್ಟ ಕೊಡುವ ಸ್ವರ ‘ಎ’. ಕೆಲವು ವರ್ಷಗಳ ಹಿಂದೆ ‘ಮನೆ’ಯ ಕೊನೆಯಲ್ಲಿ ಯಾವ ದನಿ ಕೇಳುತ್ತದೆ ಎಂದು ಕೇಳಿದಾಗ, ಪುಟ್ಟ ಹುಡುಗಿಯೊಬ್ಬಳು ‘ಇ’ ಎಂದಳು. ನಾನು ತಪ್ಪು ಎಂದೆ, ಅವಳು ಆ ದಿನವೆಲ್ಲ ಬಾಯಿ ಬಿಡಲಿಲ್ಲ. ತಪ್ಪು ನನ್ನದಾಗಿತ್ತು. ಅವಳ ಮನೆಯಲ್ಲಿ, ನನ್ನ ಮನೆಯಲ್ಲಿಯೂ, ಆಡುವುದು ‘ಮನಿ’, ‘ಎಲಿ’, ‘ಹೊಳಿ’, ‘ಬಾಳಿ’ ಎಂದೇ, ಆದ್ದರಿಂದ ಅವಳ ಕಿವಿ ಸರಿಯಾಗಿಯೇ ಕೇಳಿತ್ತು. ಈಗ ನಾನು ಮೊದಲು ‘ಮನಿ’ಯಲ್ಲಿನ ‘ಇ’ಯನ್ನು ಹೌದೆಂದು ಒಪ್ಪಿಕೊಂಡು, ಬಳಿಕ ಪುಸ್ತಕದಲ್ಲಿ ಅದನ್ನು ‘ಮನೆ’ ಎಂದು ಬರೆಯುತ್ತಾರೆ ಎಂದು ಎರಡನ್ನೂ ಒಂದರ ಹಿಂದೊಂದು ಹೇಳಿಸುತ್ತೇನೆ. ಪದದ ಮೊದಲಿನಲ್ಲಿಯೂ ‘ಎ’ ತೊಡಕಿನದೇ, ಏಕೆಂದರೆ ‘ಎಲೆ’ಯನ್ನು ನಾವು ‘ಯೆಲಿ’ ಎಂದೇ ಉಚ್ಚರಿಸುವುದರಿಂದ ಮಕ್ಕಳಿಗೆ ಮೊದಲು ‘ಯ’ ಕೇಳಿಸುತ್ತದೆ. ಹೀಗಾಗಿ ಈ ಸ್ವರಕ್ಕೆ ‘ಬೆಲ್ಲ’, ‘ಬೆಕ್ಕು’, ‘ಮೆಣಸು’ ಎಂಬಂತೆ ಮೊದಲ ವ್ಯಂಜನದ ಮೇಲೆಯೇ ‘ಎ’ ಕೂತಿರುವ ಪದಗಳನ್ನು ಆರಿಸಿಕೊಳ್ಳುವುದು ಲೇಸು.

ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು ಎಂಬ ವ್ಯಾಕರಣದ ಮಾತನ್ನು ಆರು ವರ್ಷದ ಮಗುವಿಗೆ ಹೇಳಿ ಪ್ರಯೋಜನವಿಲ್ಲವಾದರೂ, ಅದನ್ನು ಕೈಯಲ್ಲಿ ಆಡಿಸಬಹುದು. ‘ಬಳಿ’ ಎಂದಾಗ ಒಂದು ಚಪ್ಪಾಳೆ ತಟ್ಟಿ, ‘ಬಾಳಿ’ ಎಂದಾಗ ಎರಡೂ ಅಂಗೈಗಳನ್ನು ದಾರ ಎಳೆದಂತೆ ದೂರ ಸರಿಸುತ್ತೇವೆ. ಕೈಬಳೆಯೂ ಬಾಳೆಹಣ್ಣೂ ಕಣ್ಣ ಮುಂದಿದ್ದರೆ ಅರ್ಥದ ವ್ಯತ್ಯಾಸವೂ ಕೂಡಲೇ ತಿಳಿಯುತ್ತದೆ. ನಡು–ನಾಡು, ಬಿಡು–ಬೀಡು, ಕೊಡು–ಕೋಡು ಹೀಗೆಯೇ. ವರ್ಣಮಾಲೆಯ 13 ಸ್ವರಗಳಲ್ಲಿ ‘ಋ’ ಕಿವಿಗೆ ‘ರು’ ಎಂದೇ ಬೀಳುವುದರಿಂದ ಅದನ್ನು ಈ ಆಟಕ್ಕೆ ತರುವುದಿಲ್ಲ. ‘ಐ’, ‘ಔ’ಗಳನ್ನು ಎಲ್ಲಕ್ಕಿಂತ ಕೊನೆಗೆ ತೆಗೆದುಕೊಳ್ಳುತ್ತೇನೆ.

ತಾಯಂದಿರು ತಮಗೆ ಓದಲು ಬರುವುದಿಲ್ಲ, ಮನೆಯಲ್ಲಿ ಏನು ಕಲಿಸಲಿ ಎಂದು ಕೇಳುತ್ತಾರೆ. ಈ ಕೆಲಸಕ್ಕೆ ಅಕ್ಷರವೇ ಬೇಕಾಗಿಲ್ಲ. ರೊಟ್ಟಿ ಬಡಿಯುತ್ತಾ “ರೊಟ್ಟಿಯೊಳಗ ಕಡೀಗೆ ಏನ್ ಕೇಳ್ತದವಾ?” ಎಂದು ಕೇಳಿದರೆ ಸಾಕು. ಮಗು ‘ಇ’ ಎಂದರೆ, ಮುಂದಿನ ಪ್ರಶ್ನೆಗೆ ಒಲೆಯ ಪಕ್ಕದಲ್ಲಿಯೇ ಬೆಲ್ಲ, ಬೇಳೆ, ಉಪ್ಪು ಇರುತ್ತವೆ.