ಇಳಿಯುವ ಜಾಗ, ದಾಟುವ ಜಾಗ: ಹಂಪಿಯಿಂದ ಆನೆಗೊಂದಿಗೆ

ಹಂಪಿಯಲ್ಲಿ ನಲವತ್ತು ರೂಪಾಯಿಗೆ ಒಂದು ಟಿಕೆಟ್ ಸಿಗುತ್ತದೆ. ವಿಜಯ ವಿಠ್ಠಲ ದೇವಸ್ಥಾನ, ಕಮಲ ಮಹಲ್ ಇರುವ ರಾಣಿವಾಸದ ಆವರಣ, ಕಮಲಾಪುರದ ವಸ್ತುಸಂಗ್ರಹಾಲಯ, ಮೂರಕ್ಕೂ ಅದೇ ಟಿಕೆಟ್ ನಡೆಯುತ್ತದೆ. ಆದರೆ ಅದೇ ದಿನ ಮಾತ್ರ. ಮೇಲ್ನೋಟಕ್ಕೆ ಇದೊಂದು ಉಪಕಾರ. ಆಗುವುದೇನೆಂದರೆ, ಬೆಳಿಗ್ಗೆ ವಿಠ್ಠಲನ ಬಾಗಿಲಲ್ಲಿ ಟಿಕೆಟ್ ಕೊಂಡವರು ನಲವತ್ತು ರೂಪಾಯಿ ದಂಡವಾಗಬಾರದೆಂದು ಉರಿಬಿಸಿಲಿನಲ್ಲಿ ಕಮಲ ಮಹಲಿಗೆ ಓಡುತ್ತಾರೆ, ಅಲ್ಲಿಂದ ಏದುಸಿರು ಬಿಡುತ್ತಾ ಕಮಲಾಪುರಕ್ಕೆ ಬರುತ್ತಾರೆ. ಅಷ್ಟು ಹೊತ್ತಿಗೆ ವಸ್ತುಸಂಗ್ರಹಾಲಯದ ಸಿಬ್ಬಂದಿ ಬೀಗದ ಕೈ ಹುಡುಕುತ್ತಿರುತ್ತಾರೆ.

ನಾವು ಕಮಲಾಪುರದಿಂದಲೇ ಶುರುಮಾಡಿದೆವು. ಅದು ನನ್ನ ಅಕ್ಕನ ಮಗನ ಹಟ. ನಗರ ಯೋಜನೆ ಓದುತ್ತಿರುವ ಹುಡುಗ. ದೇವಸ್ಥಾನಕ್ಕೆ ಹೋದರೆ ದೇವರಿಗಿಂತ ಮೊದಲು ಚಪ್ಪಲಿ ಬಿಡುವ ಜಾಗ ಎಲ್ಲಿದೆ ಎಂದು ನೋಡುತ್ತಾನೆ. ವಸ್ತುಸಂಗ್ರಹಾಲಯದ ಅಂಗಳದಲ್ಲಿ ಇಡೀ ರಾಜಧಾನಿಯ ನೆಲವನ್ನು, ಬಂಡೆಗುಡ್ಡ, ಹೊಳೆ, ಕೋಟೆಗೋಡೆ ಸಮೇತ, ಪುಟ್ಟದಾಗಿ ಮಾಡಿಟ್ಟಿದ್ದಾರೆ. ಸುತ್ತಲೂ ಒಂದು ಸುತ್ತು ಬಂದರೆ ಊರಿನ ತರ್ಕ ತಿಳಿಯುತ್ತದೆ: ಉತ್ತರಕ್ಕೆ ತುಂಗಭದ್ರೆ, ಅದರ ದಂಡೆಗುಂಟ ದೇವಸ್ಥಾನಗಳು, ನಡುವೆ ಕಾಲುವೆಯ ನೀರುಣ್ಣುವ ಗದ್ದೆ, ದಕ್ಷಿಣಕ್ಕೆ ಅರಮನೆಯ ನೆಲೆ. ಹಂಪಿಗೆ ಬರುವವರು ಮೊದಲು ನೋಡಬೇಕಾದ್ದನ್ನು ಕೊನೆಗೆ ನೋಡುವಂತೆ ದಾರಿ ಮಾಡಿಟ್ಟಿರುವುದು ನನಗಂತೂ ಸೋಜಿಗ.

ಹುಡುಗ ಆ ಮಾದರಿಯ ಮೇಲೆ ಗಾಳಿಯಲ್ಲೇ ಬೆರಳಿನಿಂದ ಗೆರೆ ಎಳೆದ. "ಮಾಮ, ಕೋರ್ ವಲಯ ಇಷ್ಟು. ಬಫರ್ ವಲಯ ಹೊಳೆಯಾಚೆಗೂ ಹೋಗುತ್ತದೆ." ಕೋರ್ ಎಂದರೆ ಬಿಗಿ ಕಾಪಿನ ಸ್ಮಾರಕಗಳ ನೆಲ, ಬಫರ್ ಎಂದರೆ ಅದರ ಸುತ್ತಲಿನ ರಕ್ಷಣೆಯ ಅಂಚು. ಯುನೆಸ್ಕೊ 1986ರಲ್ಲೇ ಹಂಪಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತ್ತು. ಆದರೆ ಕಲ್ಲುಗಳ ಜೊತೆಗೆ ಹಳ್ಳಿಗಳನ್ನೂ ಒಂದೇ ಆಡಳಿತದಡಿ ನೋಡಿಕೊಳ್ಳಲು ರಾಜ್ಯದ ಕಾಯ್ದೆ ಬಂದದ್ದು 2002ರಲ್ಲಿ. ಅದರಿಂದ ಹುಟ್ಟಿದ ಪ್ರಾಧಿಕಾರದ ಕೈಕೆಳಗೆ ಸುಮಾರು 236 ಚದರ ಕಿಲೋಮೀಟರ್ ನೆಲವಿದೆ, 29 ಹಳ್ಳಿಗಳಿವೆ. ಈ ಹಳ್ಳಿಗಳಲ್ಲಿ ಮನೆಗೆ ಇನ್ನೊಂದು ಕೋಣೆ ಸೇರಿಸಬೇಕೆಂದರೂ ಅನುಮತಿಯ ಕಾಗದ ಬೇಕು. ಸ್ಮಾರಕದ ಪಕ್ಕ ಹುಟ್ಟಿದವರಿಗೆ ಸ್ಮಾರಕ ಕಚೇರಿಯ ಮುಖಾಂತರ ಪರಿಚಯವಾಗುವುದು ಹೀಗೆ.

ಹಂಪಿ ಬಜಾರಿಗೆ ನಮ್ಮನ್ನು ಕರೆದೊಯ್ದ ಆಟೋ ಚಾಲಕನಿಗೆ ಈ ಪಾಠ ಯಾರೂ ಹೇಳಿಕೊಡಬೇಕಿರಲಿಲ್ಲ. ವಿರೂಪಾಕ್ಷ ದೇವಸ್ಥಾನದ ಮುಂದಿನ ತೇರುಬೀದಿಯಲ್ಲಿ ಸಾಲುಮಂಟಪಗಳನ್ನು ತೋರಿಸಿ, "ಆ ಕಂಬದಿಂದ ಈ ಕಂಬದವರೆಗೆ ನಮ್ಮ ತಂದೆಯ ಹೋಟೆಲ್ ಇತ್ತು ಸರ್" ಎಂದ. 2011ರ ಜುಲೈನಲ್ಲಿ ಈ ಬೀದಿಯ ಮನೆ, ಅಂಗಡಿಗಳನ್ನು ಯಂತ್ರ ತಂದು ಕೆಡವಿದರು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಒಕ್ಕಲೆದ್ದವು. ಅವರಿಗೆ ನಿವೇಶನ ಕೊಟ್ಟದ್ದು ಕೆಲವು ಕಿಲೋಮೀಟರ್ ದೂರದ ಕಡ್ಡಿರಾಂಪುರದಲ್ಲಿ. "ಮನೆ ಕಟ್ಟಿಕೊಂಡೆವು ಸರ್, ಅದರ ಬಗ್ಗೆ ತಕರಾರಿಲ್ಲ. ಆದರೆ ಅಲ್ಲಿಗೆ ಯಾವ ಪ್ರವಾಸಿ ಬರುತ್ತಾನೆ? ಅದಕ್ಕೇ ಆಟೋ ಹಿಡಿದೆ. ಗಿರಾಕಿ ಬರುವುದಿಲ್ಲ, ನಾನೇ ಗಿರಾಕಿಯ ಹತ್ತಿರ ಹೋಗುತ್ತೇನೆ."

ಕಲ್ಲುಕಂಬಗಳ ನಡುವೆ ಸಿಮೆಂಟ್ ಗೋಡೆ ಎಬ್ಬಿಸಿ, ಮೇಲೆ ನೀರಿನ ಟ್ಯಾಂಕ್ ಕೂರಿಸಿದ್ದ ಹಳೆಯ ಬಜಾರನ್ನು ನಾನೂ ನೋಡಿದ್ದೇನೆ. ಅದು ಹಾಗೆಯೇ ಇರಬೇಕಿತ್ತು ಎಂದು ಹೇಳುವ ಧೈರ್ಯ ನನಗಿಲ್ಲ. ಆದರೂ ಇದು ಬಜಾರು. 1443ರಲ್ಲಿ ಪರ್ಷಿಯಾದಿಂದ ಬಂದ ಅಬ್ದುಲ್ ರಝಾಕ್ ಈ ನಗರದ ಪೇಟೆಗಳಲ್ಲಿ ಕಂಡದ್ದು ಬಯಲಲ್ಲೇ ಮುತ್ತುರತ್ನ ಮಾರುವ ವ್ಯಾಪಾರಿಗಳನ್ನು, ಎಲ್ಲೆಂದರಲ್ಲಿ ಗುಲಾಬಿ ಮಾರುವವರನ್ನು. ಗುಲಾಬಿಯಿಲ್ಲದೆ ಈ ಜನ ಬದುಕಲಾರರೇನೋ ಎಂದು ಅವನು ಬರೆದ. ಮಾರುವವರನ್ನೂ ಕೊಳ್ಳುವವರನ್ನೂ ಕಳೆದುಬಿಟ್ಟರೆ ಈ ಕಂಬಗಳ ಸಾಲಿಗೆ ಉಳಿದ ಕೆಲಸವೇನು? ಕೆಡವದೆ, ಆ ಕುಟುಂಬಗಳ ಒಂದು ಪಾಲನ್ನಾದರೂ ಕಟ್ಟುನಿಟ್ಟಿನ ನಿಯಮ ಹಾಕಿ ಉಳಿಸಿಕೊಳ್ಳಬಹುದಿತ್ತು. ಕಂಬ ಕೊರೆಯಬೇಡಿ, ಗೋಡೆ ಕಟ್ಟಬೇಡಿ, ಸಂಜೆ ಅಂಗಡಿ ಎತ್ತಿಡಿ ಎಂದರೆ ಕೇಳದ ಜನರೇನಲ್ಲ. ತೇರಿನ ದಿನ ಅವರೇ ಬೀದಿ ಬಿಡುತ್ತಿದ್ದರು. ಜನರಿದ್ದರೆ ಮಂಟಪ ಕೆಡುತ್ತದೆ ಎಂದು ಅಂಜಿದ್ದಾಯಿತು. 2024ರ ಮೇ ತಿಂಗಳಲ್ಲಿ ಯಾರೂ ಇಲ್ಲದ ಸಾಲುಮಂಟಪದ ಒಂದು ಭಾಗ ಮಳೆಗೆ ತಾನಾಗಿಯೇ ಕುಸಿಯಿತು.

ವಿಠ್ಠಲ ದೇವಸ್ಥಾನದ ಕಡೆ ಮಾತ್ರ ಯೋಜಕರನ್ನು ಮನಸಾರೆ ಹೊಗಳಬೇಕು. ವಾಹನಗಳನ್ನು ಗೆಜ್ಜಲ ಮಂಟಪದ ಹತ್ತಿರವೇ ತಡೆಯುತ್ತಾರೆ. ಅಲ್ಲಿಂದ ಮುಂದಿನ ಒಂದು ಕಿಲೋಮೀಟರ್ ಬ್ಯಾಟರಿ ವಾಹನದಲ್ಲಿ, ಇಲ್ಲವೇ ಕಾಲ್ನಡಿಗೆಯಲ್ಲಿ. ಬಸ್ಸು, ಕಾರು ದೇವಸ್ಥಾನದ ಬುಡಕ್ಕೇ ನುಗ್ಗಿ ಹಾರ್ನ್ ಹಾಕುವ ಗದ್ದಲ ಇಲ್ಲಿಲ್ಲ. ನಾವು ನಡೆದೆವು. ದಾರಿಯಲ್ಲಿ ಕುದುರೆಗೊಂಬೆ ಮಂಟಪ, ಕೊಳ, ಹಳೆಯ ಪೇಟೆಯ ಮುರುಕು ಕಂಬಸಾಲು; ವಾಹನದಲ್ಲಿ ಕುಳಿತವರು ಇವುಗಳನ್ನು ನೋಡುವ ಮೊದಲೇ ದಾಟಿ ಹೋಗುತ್ತಿದ್ದರು. ಆದರೆ ಸರತಿ ಸಾಲು! ರಜೆಯ ದಿನಗಳಲ್ಲಿ ವಾಹನ ಹತ್ತಲು ನಿಲ್ಲುವ ಹೊತ್ತಿನಲ್ಲಿ ನಡೆದೇ ಹೋಗಿ ಬರಬಹುದು. ನಡೆಯಲಾರದ ಮುದುಕರಿಗೆ ಬೇರೆ ಸಾಲಿದ್ದರೆ, ದಾರಿಯುದ್ದಕ್ಕೂ ಬೇವೋ ಹೊಂಗೆಯೋ ನೆರಳು ಕೊಟ್ಟರೆ, ಗಟ್ಟಿ ಕಾಲಿನವರು ತಾವಾಗಿಯೇ ನಡೆಯುತ್ತಾರೆ. ಅಷ್ಟಕ್ಕೆ ಕೋಟಿಗಳ ಯೋಜನೆಯೇನೂ ಬೇಕಿಲ್ಲ.

ಕಲ್ಲಿನ ರಥದ ಮುಂದೆ ಐವತ್ತು ರೂಪಾಯಿ ನೋಟು ಹಿಡಿದು ಫೋಟೊ ತೆಗೆಸಿಕೊಳ್ಳುವವರ ಸಾಲೇ ಬೇರೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ತೆಗೆದ ಚಿತ್ರದಲ್ಲಿ ಈ ರಥದ ಮೇಲೆ ಇಟ್ಟಿಗೆಯ ಗೋಪುರವಿದೆ. ಆಮೇಲೆ ಅದನ್ನು ತೆಗೆದರು. ನಾವು ಈಗ ಕಣ್ಣಿಗೊತ್ತಿಕೊಳ್ಳುವ ರೂಪವೂ ಯಾರೋ ಸರಿಪಡಿಸಲು ಹೊರಟಾಗ ಉಳಿದದ್ದು.

ವಿಠ್ಠಲನ ಹಿಂದೆ ಹೊಳೆ. ದಂಡೆ ಹಿಡಿದು ನಡೆದರೆ ತಳವಾರಘಟ್ಟ. ಎದುರಿಗೆ ಕೂಗಿದರೆ ಕೇಳುವಷ್ಟು ದೂರದಲ್ಲಿ ಆನೆಗೊಂದಿ, ವಿಜಯನಗರಕ್ಕಿಂತ ಹಳೆಯ ಊರು. ಹಂಪಿಯ ಪ್ರವಾಸೋದ್ಯಮದ ಅತಿ ದೊಡ್ಡ ಜಗಳ ನಡೆದದ್ದು ಈ ಜಾಗದಲ್ಲಿ, ಒಂದು ಸೇತುವೆಗಾಗಿ.

ಆನೆಗೊಂದಿಯವರಿಗೆ ಸೇತುವೆ ಬೇಕಿತ್ತು ಎನ್ನುವುದನ್ನು ಒಂದು ಮಳೆಗಾಲ ಇಲ್ಲಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. ಮೇಲೆ ಅಣೆಕಟ್ಟಿನ ಗೇಟು ತೆರೆದರೆ ದೋಣಿ ನಿಲ್ಲುತ್ತಿತ್ತು. ಶಾಲೆ, ಆಸ್ಪತ್ರೆ, ಹೊಸಪೇಟೆಯ ಸಂತೆ ಎಲ್ಲವೂ ಕಣ್ಣೆದುರಿಗಿದ್ದೂ ಇಲ್ಲದಂತಾಗುತ್ತಿದ್ದವು. ತೊಂಬತ್ತರ ದಶಕದಲ್ಲಿ ಸೇತುವೆಯ ಕೆಲಸ ಶುರುವಾಯಿತು. ಸ್ಮಾರಕಗಳ ನಡುವೆ ಎದ್ದ ಕಾಂಕ್ರೀಟ್ ಕಂಬಗಳನ್ನೂ, ಅದರ ಹಿಂದೆಯೇ ಬರಲಿದ್ದ ಲಾರಿಗಳನ್ನೂ ಕಂಡು ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಹಾಕಿತು. ಹೆಸರು ಆ ಪಟ್ಟಿಯಿಂದ ಹೊರಬಂದದ್ದು 2006ರಲ್ಲಿ. ಕೆಲಸ ಮತ್ತೆ ಕೈಗೆತ್ತಿಕೊಂಡರು. 2009ರ ಜನವರಿಯಲ್ಲಿ, ಕಾಮಗಾರಿ ನಡೆಯುತ್ತಿದ್ದಾಗಲೇ ಸೇತುವೆ ಹೊಳೆಗೆ ಕುಸಿದುಬಿತ್ತು. ಕೆಲಸಗಾರರು ಸತ್ತರು. ಆಮೇಲೆ ಸೇತುವೆ ಕಟ್ಟಿದ್ದು ಕೆಳಗಿನ ಬುಕ್ಕಸಾಗರ ಮತ್ತು ಕಡೆಬಾಗಿಲಿನ ನಡುವೆ. ಅದು ಮುಖ್ಯ ಸ್ಮಾರಕಗಳಿಗೆ ದೂರ, ಊರವರಿಗೆ ತುಸು ಬಳಸು, ಆದರೆ ಮಳೆಗಾಲದಲ್ಲೂ ದಾಟಬಹುದು.

"ಬುಕ್ಕಸಾಗರವನ್ನು ಮೊದಲೇ ಆರಿಸಿದ್ದರೆ?" ಎಂದೆ, ದೋಣಿಯಲ್ಲಿ ಹೊಳೆ ದಾಟುತ್ತಾ.

"ಮೊದಲು ಆರಿಸಬೇಕಾಗಿದ್ದದ್ದು ಜಾಗವನ್ನಲ್ಲ ಮಾಮ, ಯಾರನ್ನು ಕೂರಿಸಿಕೊಂಡು ಕೇಳಬೇಕು ಎನ್ನುವುದನ್ನು," ಎಂದ ಹುಡುಗ. ತರಗತಿಯ ಮಾತು. ಆದರೂ ದೋಣಿಯವನು ತಲೆಯಾಡಿಸಿದ.

ಆನೆಗೊಂದಿಯಲ್ಲಿ ಉಸಿರು ನಿಧಾನವಾಗುತ್ತದೆ. ಹಳೆಯ ಹೆಬ್ಬಾಗಿಲು, ಗಗನ ಮಹಲು, ಮಣ್ಣಿನ ಮಾಳಿಗೆ ಮನೆಗಳು, ಕಟ್ಟೆಯ ಮೇಲೆ ಮಾತಿಗೆ ಕುಳಿತ ಹಿರಿಯರು. ನಡುಗಡ್ಡೆಯಲ್ಲಿ ಒಂಬತ್ತು ಮಾಧ್ವ ಯತಿಗಳ ಸಮಾಧಿಗಳಿರುವ ನವಬೃಂದಾವನವಿದೆ, ಅದಕ್ಕಾಗಿ ಬರುವ ಮಾಧ್ವ ಯಾತ್ರಿಕರು ಹಂಪಿಯ ಪ್ರವಾಸಿಗರ ಲೆಕ್ಕಕ್ಕೇ ಸಿಗುವುದಿಲ್ಲ, ಅವರ ದಾರಿ ಬೇರೆ, ಊಟ ಬೇರೆ, ಹೊರಡುವ ಹೊತ್ತು ಬೇರೆ. ಊರು ಹಾಳೂ ಬೀಳದೆ ಹೋಟೆಲುಗಳ ಸಾಲೂ ಆಗದೆ ಉಳಿದಿರುವುದರ ಹಿಂದೆ ಒಂದಷ್ಟು ಪ್ರಜ್ಞಾಪೂರ್ವಕ ಕೆಲಸವಿದೆ. 1997ರಿಂದ ಇಲ್ಲಿರುವ ಕಿಷ್ಕಿಂದಾ ಟ್ರಸ್ಟ್ ಹಳೆಯ ಮನೆಗಳನ್ನು ರಿಪೇರಿ ಮಾಡಿಸಿ ಪ್ರವಾಸಿಗರು ತಂಗುವಂತೆ ಮಾಡಿತು, ಹೆಂಗಸರಿಗೆ ಬಾಳೆನಾರಿನ ಕೆಲಸ ಕಲಿಸಿತು. ಈ ಸೀಮೆಯಲ್ಲಿ ಬಾಳೆಗೇನು ಬರ? ಗೊನೆ ಕಡಿದ ಮೇಲೆ ಕೊಳೆಯಲು ಬಿಡುತ್ತಿದ್ದ ದಿಂಡಿನ ಪಟ್ಟೆಗಳನ್ನು ಒಣಗಿಸಿ, ಸೀಳಿ, ಹೊಸೆದು ಹಗ್ಗ ಮಾಡುತ್ತಾರೆ. ಹಗ್ಗದಿಂದ ಚೀಲ, ಬುಟ್ಟಿ, ಚಾಪೆ.

ನಾವು ಉಂಡ ಮನೆಯ ಅಮ್ಮ ರೊಟ್ಟಿ ತಟ್ಟುತ್ತಲೇ ಲೆಕ್ಕ ಒಪ್ಪಿಸಿದರು. "ಹೊಲದ ಕೂಲಿಗೆ ಹೋದರೆ ಆ ದಿನದ್ದು ಆ ದಿನಕ್ಕೆ. ಇದು ಮನೆಯಲ್ಲೇ ಕೂತು ಮಾಡುವುದು, ಕೈಗೆ ಒಂದಿಷ್ಟು ನಿಲ್ಲುತ್ತದೆ. ಆದರೆ ತಮ್ಮಾ, ಬರುವವರು ಉಳಿದುಕೊಂಡರೆ ಮಾತ್ರ ನಮಗೆ ಲಾಭ. ಗುಡ್ಡ ಹತ್ತಿ ಇಳಿದು ಹೋಗಿಬಿಟ್ಟರೆ ನಮಗೆ ಸಿಗುವುದು ಧೂಳು." ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮೇಲೆ ಗಟ್ಟಿ ಮೊಸರು. ಹುಡುಗ ಯೋಜನೆಯ ಮಾತು ಬಿಟ್ಟು ಇನ್ನೊಂದು ರೊಟ್ಟಿಗೆ ಕೈ ಚಾಚಿದ.

ವಿರೂಪಾಕ್ಷ ದೇವಸ್ಥಾನದ ಎದುರು ದಂಡೆಯ ವಿರೂಪಾಪುರ ಗಡ್ಡೆಯಲ್ಲಿ ನೋಡಲು ಹೆಚ್ಚೇನಿಲ್ಲ. ಹಿಂದೆ ವಿದೇಶಿಗರಿಂದ ತುಂಬಿರುತ್ತಿದ್ದ ಈ ದಂಡೆಯ ರೆಸಾರ್ಟ್‌ಗಳು ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರ ಮಾರ್ಚ್‌ನಲ್ಲಿ ನೆಲಸಮವಾದವು. ತೀರ್ಪು ಸರಿಯೇ, ಅಲ್ಲಿದ್ದ ಕಟ್ಟಡಗಳು ಕಾನೂನಿನ ಹೊರಗಿದ್ದವು. ಆದರೆ ಅಗ್ಗದ ಕೋಣೆ, ಬಂಡೆಯ ಮೇಲಿನ ಸೂರ್ಯಾಸ್ತ ಹುಡುಕಿ ಬರುವವರು ಮನೆಯಲ್ಲೇ ಉಳಿಯಲಿಲ್ಲ. ಅದೇ ದಂಡೆಯ ಸಾಣಾಪುರದ ಕಡೆ ಸರಿದರು. ಅವರ ಹಿಂದೆಯೇ ಕೋಣೆಗಳೂ ಸರಿದವು, ದೀಪವಿಲ್ಲದ ಕಾಲುವೆ ದಾರಿಗಳ ಪಕ್ಕಕ್ಕೆ. 2025ರ ಮಾರ್ಚ್‌ನಲ್ಲಿ ಅಲ್ಲಿ ಪ್ರವಾಸಿಗರ ಮೇಲೆ ನಡೆದ ಘೋರ ದಾಳಿಯ ನಂತರ ಪರವಾನಗಿ ಇಲ್ಲದ ತಂಗುದಾಣಗಳ ಮಾತು ಮತ್ತೆ ಎದ್ದಿತು. ಒಂದು ಕಡೆ ಕೆಡವುವಾಗ ಇನ್ನೊಂದು ಕಡೆ ಕಾನೂನುಬದ್ಧವಾಗಿ, ಬೆಳಕಿನಲ್ಲಿ, ಊರಿನ ಕಣ್ಣಳತೆಯಲ್ಲಿ ಜಾಗ ತೋರಿಸದಿದ್ದರೆ ಪ್ರವಾಸೋದ್ಯಮ ತನಗೆ ತೋಚಿದ ಜಾಗ ಹಿಡಿಯುತ್ತದೆ.

ಅಂಜನಾದ್ರಿಗೆ ಬಂದಾಗ ಬಿಸಿಲು ಇಳಿದಿತ್ತು. 575 ಮೆಟ್ಟಿಲು. ಹನುಮ ಹುಟ್ಟಿದ ಬೆಟ್ಟವೆಂಬ ನಂಬಿಕೆಯಿಂದ ಉತ್ತರ ಭಾರತದ ಯಾತ್ರಿಕರೂ ಬಸ್ಸುಗಟ್ಟಲೆ ಬರುತ್ತಾರೆ. 2022ರ ರಾಜ್ಯ ಬಜೆಟ್‌ನಲ್ಲಿ ಈ ಬೆಟ್ಟಕ್ಕೆ 100 ಕೋಟಿ ರೂಪಾಯಿ ಘೋಷಿಸಿದರು. ಆಗಿನಿಂದ ರೋಪ್‌ವೇಯ ಮಾತು, ಯಾತ್ರಿ ನಿವಾಸದ ಮಾತು, ವಾಹನ ನಿಲ್ದಾಣದ ಮಾತು ಕೇಳಿಬರುತ್ತಿದೆ. ಮೇಲೆ ನಿಂತರೆ ಹಸಿರು ಗದ್ದೆ, ನಡುವೆ ಹೊಳೆಯ ಸೀಳುಗಳು, ಆಚೆ ದಿಬ್ಬದ ಹಿಂದೆ ವಿರೂಪಾಕ್ಷನ ಗೋಪುರ. ಹುಡುಗ ಮಾತ್ರ ಕೆಳಗೆ ರಸ್ತೆಯ ಎರಡೂ ಬದಿ ಅಡ್ಡಾದಿಡ್ಡಿ ನಿಂತ ಬಸ್ಸುಗಳನ್ನು ಎಣಿಸುತ್ತಿದ್ದ. ಸೋನಾ ಮಸೂರಿ ಬೆಳೆಯುವ ಗದ್ದೆಯೇ ಇಲ್ಲಿಯ ಸೊಬಗು. ನಿಲ್ದಾಣಕ್ಕೆ ಜಾಗ ಬೇಕೆಂದರೆ ಆ ಗದ್ದೆಯ ಮೇಲೇ ಕಣ್ಣು ಬೀಳುತ್ತದೆ. ಬೆಟ್ಟದಿಂದ ಎರಡು ಮೂರು ಕಿಲೋಮೀಟರ್ ಹಿಂದೆ ವಾಹನ ತಡೆದು, ಗೆಜ್ಜಲ ಮಂಟಪದಲ್ಲಿ ಮಾಡಿದ್ದನ್ನೇ ಇಲ್ಲೂ ಮಾಡಬಹುದು. ಹೊಳೆಯ ಆಚೆ ಸಾಧ್ಯವಾದದ್ದು ಈಚೆ ಏಕಾಗಬಾರದು?

ಮೆಟ್ಟಿಲ ಬುಡದಲ್ಲಿ ತೆಂಗಿನಕಾಯಿ, ನಿಂಬೆ ಶರಬತ್ತು ಮಾರುವ ಹೆಂಗಸು ಹುಡುಗನ ಕೈಯ ನಕ್ಷೆ ಕಂಡು, ಇವನು ಸರ್ಕಾರದ ಕಡೆಯವನೆಂದೇ ಎಣಿಸಿದರು.

"ಆ ತಂತಿಯ ಗಾಡಿ ಬಂದರೆ ಜನ ಎಲ್ಲಿ ಹತ್ತುತ್ತಾರಪ್ಪಾ? ಈ ಕಡೆಯೋ, ಆ ಕಡೆಯೋ?"

ತಾನು ಸರ್ಕಾರದವನಲ್ಲ, ಬರೀ ವಿದ್ಯಾರ್ಥಿ ಎಂದ.

"ಹಾಗಾದರೆ ಗೊತ್ತಿರುವವರನ್ನು ಕೇಳಿ ಹೇಳು. ಆ ಕಡೆ ಅಂತಾದರೆ ನಾನು ಈಗಲೇ ಅಲ್ಲೊಂದು ಜಾಗ ನೋಡಿಕೊಳ್ಳುತ್ತೇನೆ," ಎಂದು ಶರಬತ್ತಿನ ಲೋಟ ಮುಂದಿಟ್ಟು, ಚಿಲ್ಲರೆ ಕೊಡಿ ಎಂದರು.